ಬೀಗರ ಹೆಸರು ಕೆತ್ತದ ರೇಡಿಯೇಟರ್

ಏಳನೇ ಕ್ಲಾಸಿನ ಗಣಿತ ಪರೀಕ್ಷೆ ಇದ್ದ ಸೋಮವಾರ, ಪಾತ್ರೆಗಳ ಮೇಲೆ ಹೆಸರು ಕೆತ್ತುವವನ ಹಿಂದೆ ನಾನು ಮೊದಲ ಸಲ ಊರು ಬಿಟ್ಟೆ. ಊರೂರು ಸುತ್ತಿ, ಕೊನೆಗೆ ದಾವಣಗೆರೆಯ ಗುರುಸಿದ್ದಪ್ಪನವರ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಅಲ್ಲೇ ಉಳಿಯುವ ಆಸೆಯಿತ್ತು.

ಒಂದು ದಿನ ಅವರ ಮಗಳ ಮಾವ ಚನ್ನವೀರಪ್ಪ ಬಂದರು. ಮಗನಿಗೆ ನೀರಿನಿಂದ ತಂಪಾಗುವ ಕಂಪ್ಯೂಟರ್ ಕೊಡಬೇಕಂತೆ. ಬಿಸಿಯಾಗುವ ಚಿಪ್ಪಿನ ಮೇಲೆ ಕೂರಿಸೋ ತಾಮ್ರದ ಬ್ಲಾಕು ಆರಿಸಿದರು. ಜೊತೆಗೆ, ನೀರಿನ ಬಿಸಿ ಕಳೆಯೋ ರೇಡಿಯೇಟರ್‌ಗಳಲ್ಲಿ ಹೊಳೆಯುತ್ತೆ ಅಂತ ಅಲ್ಯೂಮಿನಿಯಂನದ್ದು ಎತ್ತಿಕೊಂಡರು.

“ಎರಡರಲ್ಲೂ ಒಂದೇ ನೀರು ಹರಿದರೆ ಅಲ್ಯೂಮಿನಿಯಂ ಸವೆದು ಸೋರುತ್ತೆ, ಯಜಮಾನ್ರೇ,” ಅಂದೆ.

“ಶಾಲೆ ಬಿಟ್ಟವನು ನನಗೆ ಪಾಠ ಹೇಳ್ತೀಯೇನೋ? ಇದನ್ನೇ ಕೂರಿಸು!”

“ಆಗಲಿ,” ಅಂತ ನನ್ನ ಹಳೆಯ ಕೆತ್ತುವ ಯಂತ್ರ ತೆಗೆದೆ. “ಉಡುಗೊರೆ ಅಂದಮೇಲೆ ಹೆಸರಿರಬೇಕಲ್ಲ. ‘ಆರಿಸಿದವರು ಚನ್ನವೀರಪ್ಪ’ ಅಂತ ಕೆತ್ತಿಬಿಡ್ತೀನಿ. ಸೋರಿದ ದಿನ ಎಲ್ಲರೂ ಓದಲಿ.”

ಯಂತ್ರ ಗುಂಯ್ ಅಂದದ್ದೇ ತಡ, ಬೀಗರು ರೇಡಿಯೇಟರನ್ನು ಎದೆಗವಚಿಕೊಂಡರು. “ತಡಿಯೋ! ತಾಮ್ರದ್ದೇ ಕೊಡು. ನಿನಗೆ ಗೊತ್ತೋ ಇಲ್ಲವೋ ಅಂತ ನೋಡಿದೆ, ಅಷ್ಟೆ.”

ಅಂಗಡಿಯೆಲ್ಲ ನಕ್ಕಿತು. ಗುರುಸಿದ್ದಪ್ಪ ಮಾತ್ರ ನಗಲಿಲ್ಲ. ಬೀಗರು ಹೋದ ಮೇಲೆ ಮೆಲ್ಲಗೆ ಅಂದರು: “ನೀನು ಹೇಳಿದ್ದು ಸರಿ ಕಣಪ್ಪ. ಆದರೆ ಈ ನಗು ನನ್ನ ಮಗಳ ತಲೆಗೆ ಬರುತ್ತೆ.”

ಅದು ನನಗೆ ಹೊಳೆದೇ ಇರಲಿಲ್ಲ. ಬೀಗರನ್ನು ಮೂಲೆಗೆ ಕರೆದು ಹೇಳಬಹುದಿತ್ತು.

“ನನ್ನನ್ನು ಕೆಲಸದಿಂದ ಓಡಿಸಿದಿರಿ ಅಂತ ಬೀಗರಿಗೆ ಹೇಳಿಬಿಡಿ,” ಅಂದೆ. ಎರಡು ಅಂಗಿಯ ನಡುವೆ ಯಂತ್ರ ಇಟ್ಟು ಚೀಲದ ಬಾಯಿ ಕಟ್ಟಿದೆ.