ಮಗ್ಗಿಗೆ ಮಲಗುವ ಕೂಸು

“ಮಾವ, ನಮ್ಮ ಶಾಲೆಯ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೂಸನ್ನೆತ್ತಿಕೊಂಡು ಬಂದು, ಮತ್ತೆ ಓದುತ್ತೇನೆ ಎನ್ನುತ್ತಿದ್ದಾಳೆ. ಸೇರಿಸಿಕೊಂಡರೆ ಊರು ಏನೆಂದೀತು?” ಎಂದು ಹೆಡ್‌ಮಾಸ್ಟರ್ ರೇವಣಪ್ಪ ಕೇಳಿದ. ಅವನಿಗೆ ಅಕ್ಷರ ತಿದ್ದಿಸಿದ್ದು ಇದೇ ಸೋದರಮಾವ.

ಮಾವ ಮೀಸೆಯ ಮೇಲೆ ಕೈಯಿಟ್ಟರು. “ಈಗ ಹೇಳುವ ಕತೆಯ ಒಂದೊಂದು ಅಕ್ಷರವೂ ನಿಜ. ಸುಳ್ಳಾದರೆ, ಇಡೀ ಹೋಬಳಿಯೇ ಹೊಟ್ಟೆಕಿಚ್ಚುಪಡುವ ಈ ಮೀಸೆ ಇಲ್ಲೇ ಉದುರಿಹೋಗಲಿ. ಕೇಳು.

“ಒಂದೂರಿನಲ್ಲಿ ಒಬ್ಬ ಹುಡುಗಿ ಬಸುರಿಯಾದರೂ ಶಾಲೆ ಬಿಡಲಿಲ್ಲ. ಪಕ್ಕದ ಕೋಣೆಯಲ್ಲಿ ಚಿಕ್ಕ ಮಕ್ಕಳು ದಿನವೂ ಮಗ್ಗಿ ಕೂಗುತ್ತಿದ್ದರು. ಹೊಟ್ಟೆಯೊಳಗಿನ ಕೂಸು ಅದನ್ನೇ ಕೇಳಿ ಬೆಳೆಯಿತು.

“ಹೆರಿಗೆಯಾಗಿ ಕೆಲವು ತಿಂಗಳಿಗೆ ಹುಡುಗಿ ಕೂಸಿನೊಂದಿಗೆ ಶಾಲೆಗೆ ಬಂದಳು. ಹೆಡ್‌ಮಾಸ್ಟರ್ ಗೇಟಿನಲ್ಲೇ ತಡೆದ. ‘ಇಲ್ಲಿ ನಡೆಯೋದು ಪಾಠ ಕಣಮ್ಮ, ಬಾಣಂತನವಲ್ಲ.’

“‘ಪರೀಕ್ಷೆ ಬರೀಬೇಕು ಸಾರ್’ ಎಂದಳು. ಅವನು ಗೇಟು ಹಾಕಿಕೊಂಡ.

“ಅಂದು ಕೂಸು ಅಳತೊಡಗಿತು. ಅದು ಅಂಥಿಂಥ ಅಳುವಲ್ಲ. ಎಮ್ಮೆಗಳು ಹಾಲು ಕೊಡಲಿಲ್ಲ, ಮನೆಗಳ ಹೆಂಚು ಜಾರಿದವು. ಜೋಗುಳಕ್ಕೆ ಅದು ಜಗ್ಗಲಿಲ್ಲ. ಏನೂ ತೋಚದೆ ತಾಯಿ ಎರಡರ ಮಗ್ಗಿ ಹೇಳಿದಳು, ಸುಮ್ಮನಾಯಿತು. ನಿಲ್ಲಿಸಿದಳು, ಮತ್ತೆ ಅಳು. ಹೇಳಿ ಹೇಳಿ ಅವಳ ಗಂಟಲು ಕಟ್ಟಿತು. ಆಮೇಲೆ ಕೇರಿಯವರೆಲ್ಲ ಸೇರಿ ಕೂಗಿದರು. ಕಿರಾಣಿ ಅಂಗಡಿಯವನು ‘ಏಳೆಂಟ್ಲ ಐವತ್ನಾಲ್ಕು’ ಎಂದ. ಕೂಸು ಕಣ್ಣು ಬಿಟ್ಟು, ಅಷ್ಟು ಜನರಲ್ಲಿ ಅವನನ್ನೇ ಹುಡುಕಿ ನೋಡಿ ಚೀರಿತು.

“ನಿದ್ದೆಗೆಟ್ಟ ಊರು ಶಾಲೆಗೆ ಬಂತು. ‘ಸಾರ್, ಕೈಮುಗೀತೀವಿ, ಈ ಕೂಸನ್ನ ಒಳಗೆ ಸೇರಿಸ್ಕೊಳ್ಳಿ.’

“‘ತಾಯಿ?’

“‘ಹಾಲು ಕುಡಿಸೋಕೆ ಅವಳೂ ಬರಲಿ ಬಿಡಿ.’

“ಹುಡುಗಿ ಹೇಳಿದಳು: ‘ಬರ್ತೀನಿ. ಆದರೆ ನನ್ನ ಬೆಂಚಿನಲ್ಲೇ ಕೂತು ಕುಡಿಸ್ತೀನಿ. ಪಾಠ ನಿಲ್ಲಬಾರದು.’

“ಹೆಡ್‌ಮಾಸ್ಟರ್ ಗೇಟು ತೆರೆದ. ಪಕ್ಕದ ಕೋಣೆಯ ಮಗ್ಗಿ ಕೇಳುತ್ತ ಕೂಸು ಮಲಗಿತು. ಹುಡುಗಿ ಓದಿದಳು, ಪರೀಕ್ಷೆ ಬರೆದಳು, ಪಾಸಾದಳು. ಊರು ಹೊದ್ದು ಮಲಗಿತು. ಯಾರು ಏನಂದರು ಎಂದು ಕೇಳಲು ಒಬ್ಬರೂ ಎಚ್ಚರವಿರಲಿಲ್ಲ.”

ರೇವಣಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಇಷ್ಟೂ ನಿಜವೇ ಮಾವ?”

“ಒಂದು ಸಣ್ಣ ಸಂಗತಿ ಮಾತ್ರ ನಾನು ಸೇರಿಸಿದ್ದು; ಹೆಡ್‌ಮಾಸ್ಟರ್ ಗೇಟು ತೆರೆದ ಅಂದೆನಲ್ಲ, ಅದಿನ್ನೂ ಆಗಿಲ್ಲ ಅಳಿಯಾ.”