ಮುಟ್ಟುವುದಿಲ್ಲ ಎಂದ ಕರಡಿ

ಒಂದು ಕಾಡಿನಲ್ಲಿ ಒಂದು ದಿನ ಬೆಳಿಗ್ಗೆ ಕರಡಿಯೊಂದು ಒಂದೇ ಕಿವಿಯನ್ನು ಏಳು ಸಲ ಕೆರೆದುಕೊಂಡಿತು. ಸುದ್ದಿ ಹೊಳೆಯ ಆಚೆ ದಡಕ್ಕೂ ತಲುಪಿತು. ಮೊಲಗಳು ಮರಿಗಳನ್ನು ಬಿಲದೊಳಗೆ ಕರೆದುಕೊಂಡವು.

ಕರಡಿಯ ಹೆಸರು ಜಾಂಬಣ್ಣ. ಅವನು ಬೀಡಿ ಬಿಟ್ಟು ಹನ್ನೊಂದು ದಿನವಾಗಿತ್ತು. ಗುಹೆಯ ಹೊಗೆಗೆ ಮರಿಗಳೆರಡೂ ಕೆಮ್ಮತೊಡಗಿದಾಗ ಹೆಂಡತಿ ತಿಪ್ಪವ್ವ ಅವನ್ನು ಕರೆದುಕೊಂಡು ಆಚೆ ಗುಡ್ಡಕ್ಕೆ ಹೋಗಿದ್ದಳು. ಹುಣ್ಣಿಮೆಯವರೆಗೆ ಬೀಡಿ ಮುಟ್ಟದಿದ್ದರೆ ವಾಪಸು ಬರುತ್ತೇನೆ, ಮುಟ್ಟಿದರೆ ಇಲ್ಲ ಎಂದಿದ್ದಳು. ಮುಟ್ಟುವುದಿಲ್ಲ ಎಂದು ಜಾಂಬಣ್ಣ ಮರಿಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದ. ಹುಣ್ಣಿಮೆಗೆ ಇನ್ನು ನಾಲ್ಕು ದಿನವಿತ್ತು.

ಆ ನಾಲ್ಕು ದಿನ ಮುಂದೆ ಸರಿಯುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಹುತ್ತ ಕೆದರಿ, ಗೆದ್ದಲು ತಿನ್ನದೆ, ಮುಂದಿನ ಹುತ್ತಕ್ಕೆ ಹೋಗುತ್ತಿದ್ದ. ಅಳಿಲೊಂದು ಕ್ಷೇಮ ವಿಚಾರಿಸಿದ್ದಕ್ಕೆ ಮರವನ್ನೇ ಅಲ್ಲಾಡಿಸಿದ.

ಈ ವ್ರತದಿಂದ ಇನ್ನೂ ಹೆಚ್ಚು ನೊಂದವನು ನರಿ ಸೋಮಲಿಂಗ. ಅವನು ಜನ್ಮದಲ್ಲಿ ಸ್ವಂತ ಬೀಡಿ ಸೇದಿದವನಲ್ಲ. ಜಾಂಬಣ್ಣ ಎಸೆದ ಮೋಟು ಬೀಡಿಗಳಲ್ಲೇ ಕಾಲ ಕಳೆದವನು. ಗುಹೆಯ ಬಿರುಕಿನಲ್ಲಿ ಒಂದು ಕಟ್ಟು ಉಳಿದಿದೆ ಎಂಬುದು ಅವನಿಗೆ ಗೊತ್ತಿತ್ತು.

ಅವನು ಬೀಡಿಯ ಮಾತನ್ನೇ ಎತ್ತಲಿಲ್ಲ. ತಾನು ಮಾವ ಎಂದು ಕರೆಯುತ್ತಿದ್ದ ಜಾಂಬಣ್ಣನ ಮುಖ ಬಾಡಿದ್ದಕ್ಕೆ ಮರುಗಿದ. ಹೆಂಗಸರಿಗೆ ಗಂಡಸರ ಕಷ್ಟ ತಿಳಿಯುವುದಿಲ್ಲ ಎಂದ. ಆಮೇಲೆ, ಇಪ್ಪೆ ಹೂವು ನೀರಿಗೆ ಬಿದ್ದು, ಹುಳಿತು ಹೆಂಡವಾಗಿ ನೊರೆಗಟ್ಟಿದ್ದ ಬಂಡೆಯ ಗುಂಡಿಯನ್ನು ತೋರಿಸಿದ.

“ಆಣೆಯಲ್ಲಿ ಹೂವಿನ ಮಾತು ಬಂದಿತ್ತೇ ಮಾವ?”

“ಇಲ್ಲ.”

“ಮತ್ತೆ? ಎರಡು ಬೊಗಸೆ ಕುಡಿ. ತಲೆ ತಣ್ಣಗಾಗುತ್ತದೆ.”

ತಲೆ ತಣ್ಣಗಾಯಿತು. ಮರದ ನೆರಳು ಒಂದು ಗೇಣು ಸರಿಯುವ ತನಕ ತಣ್ಣಗೇ ಇತ್ತು. ಮೂರನೆಯ ಬೊಗಸೆಗೆ ಕೈಬೆರಳುಗಳು ತಮ್ಮಷ್ಟಕ್ಕೆ ಏನನ್ನೋ ಹುಡುಕತೊಡಗಿದವು. ಕಿವಿಯಲ್ಲಿದ್ದ ತುರಿಕೆ ಎದೆಯೊಳಕ್ಕೆ ಇಳಿಯಿತು. ಹನ್ನೊಂದು ದಿನ ದೂರದಿಂದ ಕರೆದಿದ್ದ ಬೀಡಿ ಈಗ ಪಕ್ಕದಲ್ಲೇ ಕೂತು ಕರೆಯುತ್ತಿತ್ತು. ಮರಿಗಳ ನೆನಪಾಯಿತು. ಆ ಸಂಕಟಕ್ಕೆ ನಾಲ್ಕನೆಯ ಬೊಗಸೆ ಕುಡಿದ.

ಆಗ ಜಾಂಬಣ್ಣನಿಗೆ ಕಾನೂನು ಹೊಳೆಯಿತು.

“ಮುಟ್ಟುವುದಿಲ್ಲ ಅಂತ ತಾನೇ ನಾನು ಅಂದದ್ದು? ನೀನು ಹಿಡಿದುಕೋ. ನಾನು ಬರೀ ಎಳೆಯುತ್ತೇನೆ.”

ತುಟಿಯ ವಿಚಾರವನ್ನು ಇಬ್ಬರೂ ಎತ್ತಲಿಲ್ಲ. ಸೋಮಲಿಂಗ ಓಡಿಹೋಗಿ ಕಟ್ಟು ತಂದ, ಹಚ್ಚಿದ, ಹಿಡಿದ. ಹಿಂದೆಲ್ಲ ಮಾವ ಅರ್ಧಕ್ಕೇ ಎಸೆಯುತ್ತಿದ್ದ. ಕುಡಿದ ಮಾವ ದಾರದ ತನಕ ಎಳೆದ. ಆಮೇಲೆ ದಾರವನ್ನೂ ಎಳೆದ. ನರಿ ಕೈ ಬಿಡಿಸಿಕೊಳ್ಳಲು ನೋಡಿದ. ಮಣಿಕಟ್ಟು ಕರಡಿಯ ಹಿಡಿತದಲ್ಲಿತ್ತು. ಇನ್ನೊಂದು ಹಚ್ಚು ಎಂದ ಜಾಂಬಣ್ಣ. ಬೀಡಿಗೆ ಹೂವಿನ ನೀರು ಬೇಕಾಯಿತು, ಹೂವಿನ ನೀರಿಗೆ ಬೀಡಿ ಬೇಕಾಯಿತು. ಕಟ್ಟು ಮುಗಿಯುವ ಹೊತ್ತಿಗೆ ಸೋಮಲಿಂಗನಿಗೆ ಒಂದು ಮೋಟೂ ಸಿಕ್ಕಿರಲಿಲ್ಲ. ಮುಂಗಾಲಿನ ಎರಡು ಬೆರಳು ಸುಟ್ಟಿದ್ದವು. ಜಾಂಬಣ್ಣನ ಚಡಪಡಿಕೆ ಇದ್ದಲ್ಲೇ ಇತ್ತು. ಮರುದಿನದಿಂದ ಗುಂಡಿಯೂ ಬೇಕು, ಬೀಡಿಯೂ ಬೇಕು ಎಂದಾಯಿತು.

ಹುಣ್ಣಿಮೆಯ ದಿನ ತಿಪ್ಪವ್ವ ಬಂದು ಗಂಡನ ಮೂತಿ ಮೂಸಿ ನೋಡಿದಳು. ತಾನು ಬೀಡಿ ಮುಟ್ಟಿಲ್ಲವೆಂದು ಜಾಂಬಣ್ಣ ಹೇಳಿದ. ಎರಡೂ ಕೈ ಮುಂದೆ ಚಾಚಿ ತೋರಿಸಿದ.

“ಮರಿಗಳಿಗೆ ಕೆಮ್ಮು ಬಂದದ್ದು ನಿಮ್ಮ ಕೈಯಿಂದಲ್ಲ,” ಎಂದಳು ಅವಳು.

ನರಿ ಮೂರು ವಾರ ಕುಂಟಿದ. ಮರಿಗಳು ಆಚೆ ಗುಡ್ಡದಲ್ಲೇ ಬೆಳೆದವು.

ನೀತಿ: ಬೀಡಿ ಬಿಟ್ಟ ಚಡಪಡಿಕೆಗೆ ಹೆಂಡ ಮದ್ದಲ್ಲ, ಕುಡಿದ ಬಾಯಿ ಮೊದಲು ಕೇಳುವುದು ಬೀಡಿಯನ್ನೇ.