ತಟ್ಟೆ ಬಿಟ್ಟುಕೊಡದ ಹೆಸರು

ಲೇಬಲ್ಲನ್ನು ಗೆದ್ದಲು ತಿಂದಿದ್ದ ಹಳೆಯ ಗ್ರಾಮಫೋನ್ ತಟ್ಟೆಯೊಂದನ್ನು ವನಜಾಕ್ಷಿ ತಿರುಗಲು ಬಿಟ್ಟು ಅಡುಗೆಮನೆಗೆ ಹೋದಳು. ಅದರ ಹಾಡನ್ನು ಇಳಿಸಿಕೊಳ್ಳಲು ಲ್ಯಾಪ್‌ಟಾಪ್ ಪಕ್ಕದಲ್ಲೇ ಕುಳಿತಿತ್ತು.

"ನಿನ್ನ ಕರಕರ ಸದ್ದನ್ನು ತೆಗೆಯುತ್ತೇನೆ," ಎಂದಿತು ಲ್ಯಾಪ್‌ಟಾಪ್.

"ಧಾರಾಳವಾಗಿ ತೆಗೆ. ಅದು ಧೂಳಿನದು," ಎಂದಿತು ತಟ್ಟೆ.

"ಹಾಡಿನ ಕೊನೆಗೆ ಏನಾದರೂ ಮಾತಿದ್ದರೆ ಅದನ್ನೂ ಕತ್ತರಿಸುತ್ತೇನೆ. ಮಾತು ಸಂಗೀತವಲ್ಲ."

"ಅದನ್ನು ಮಾತ್ರ ಮುಟ್ಟಬೇಡ! ನನ್ನ ಕಾಲದಲ್ಲಿ ಹಾಡಿದವರು ಕೊನೆಗೆ ತಮ್ಮ ಹೆಸರು ಹೇಳುತ್ತಿದ್ದರು. ಲೇಬಲ್ಲು ಹೋಯಿತು. ನನ್ನಲ್ಲಿ ಹಾಡಿದವಳ ಗುರುತಿಗೆ ಉಳಿದಿರುವುದು ಅದೊಂದೇ."

"ನಿನ್ನ ಅಪ್ಪಣೆ ಕೇಳಿದವರು ಯಾರು? ಕತ್ತರಿ ನನ್ನ ಕೈಯಲ್ಲಿದೆ."

"ಮುಳ್ಳು ನನ್ನ ಮೈಮೇಲಿದೆ," ಎಂದಿತು ತಟ್ಟೆ.

ಹಾಡು ಮುಗಿಯಿತು. "ನಾನು ಗದಗಿನ ತುಳಸಾಬಾಯಿ," ಎಂದಿತು ಹೆಣ್ಣುದನಿ. ತಟ್ಟೆ ಅಲ್ಲೇ ತನ್ನ ಗೀರಿನಲ್ಲಿ ಮುಳ್ಳನ್ನು ಬಿಗಿಯಾಗಿ ಹಿಡಿದುಕೊಂಡಿತು. "ತುಳಸಾಬಾಯಿ, ತುಳಸಾಬಾಯಿ, ತುಳಸಾಬಾಯಿ..." ಲ್ಯಾಪ್‌ಟಾಪ್ ಕತ್ತರಿಸಿದಷ್ಟೂ ಹೆಸರು ಮತ್ತೆ ಮತ್ತೆ ಬಂತು.

ವನಜಾಕ್ಷಿ ಓಡಿಬಂದಳು. "ಅಯ್ಯೋ, ಇವಳ ಹೆಸರು ಇದರಲ್ಲೇ ಇತ್ತಾ? ಹಾಡು ಮುಗೀತು ಅಂತ ನಾನು ಯಾವಾಗಲೂ ಮುಳ್ಳು ಎತ್ತಿಬಿಡ್ತಿದ್ದೆನಲ್ಲ!"

ಫೈಲಿಗೆ ಏನು ಹೆಸರಿಡಬೇಕೆಂದು ಲ್ಯಾಪ್‌ಟಾಪ್ ಕೇಳಿತು. ಅವಳು "ಗದಗಿನ ತುಳಸಾಬಾಯಿ" ಎಂದು ಟೈಪ್ ಮಾಡಿದಳು.

"ಈಗ ಕತ್ತರಿಸು, ನೋಡೋಣ," ಎಂದಿತು ತಟ್ಟೆ.